ಟವೆಲ್ಲಿನ ಅಡಿಯ ಬ್ರೇಕು

ಅಪ್ಪ ಬೈಕಿನಿಂದ ಬಿದ್ದ ಸುದ್ದಿಗೆ ನಮ್ಮ ಮನೆಯಲ್ಲಿ ಎರಡು ಆವೃತ್ತಿಗಳಿದ್ದವು. ಮೊದಲನೆಯದು ಕಂಡವರು ಹೇಳಿದ್ದು: ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬರುವ ದಾರಿಯಲ್ಲಿ ಅರ್ಧ ರಸ್ತೆಯ ತುಂಬ ಗೋವಿನಜೋಳದ ಕಾಳು ಒಣಹಾಕಿದ್ದರು, ಅಪ್ಪ ಬೈಕನ್ನು ಅದರ ಮೇಲೆ ಹಾಯಿಸಿದ, ಬ್ರೇಕು ಹಿಡಿದ, ಬಿದ್ದ. ಎರಡನೆಯದು ಅಪ್ಪನದು: ಬೈಕು ಬಿತ್ತು, ತಾನು ಇಳಿದ.

ನಾನು ಹಾವೇರಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ್ತಿ. ಎರಡೂ ಕಡೆಯವರನ್ನು ಕೇಳದೆ ಸುದ್ದಿ ಕಳಿಸಬಾರದು ಎಂಬುದು ನಾನು ಕೆಲಸದಲ್ಲಿ ಕಲಿತ ಮೊದಲ ಪಾಠ. ಹಾಗಾಗಿ ಭಾನುವಾರ ಬ್ಯಾಡಗಿಯ ಮನೆಗೆ ಹೋದಾಗ ಅಪ್ಪನನ್ನೇ ಕೇಳಿದೆ. ಅವನ ಮೊಣಕೈ ತರಚಿತ್ತು. ಧೋತರ ಮೊಣಕಾಲಿನ ಹತ್ತಿರ ಹರಿದಿತ್ತು. ಬೈಕಿಗೆ ಬಲಗಡೆಯ ಕನ್ನಡಿ ಇರಲಿಲ್ಲ. ಸುಮ್ಮನೆ ಇಳಿದವನ ಮೊಣಕೈ ಹೇಗೆ ತರಚುತ್ತದೆ ಎಂದು ಕೇಳಿದೆ.

“ಲಗೂ ಇಳದೆ, ಅದಕ್ಕ,” ಎಂದ.

ತಮ್ಮ ಅಷ್ಟರಲ್ಲಿ ಬೈಕಿನ ಚಾವಿಯನ್ನು ತನ್ನ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡಿದ್ದ. ಅದು ಬೆಳಿಗ್ಗೆ ಅವನ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಸಂಜೆ ಅವನ ಜೊತೆ ಮನೆಗೆ ಬರುತ್ತಿತ್ತು. ಅಪ್ಪನಿಗೆ ಅದನ್ನು ಕೇಳಲು ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಎರಡು ವಾರ ಹಾವೇರಿಗೆ ಬಸ್ಸಿನಲ್ಲಿ ಹೋದ, ಎರಡೂ ವಾರ ಬರಿಗೈಯಲ್ಲಿ ಬಂದ.

ಇಲ್ಲಿ ಅಪ್ಪನ ಕೆಲಸ ಏನೆಂದು ಹೇಳಬೇಕು. ಅವನು ದನದ ದಲ್ಲಾಳಿ. ವಾರಕ್ಕೊಮ್ಮೆ ಕೂಡುವ ಹಾವೇರಿಯ ದನದ ಪೇಟೆಯಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುತ್ತಾನೆ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರು ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಮಾತು ನಡೆಯುತ್ತದೆ. ಸುತ್ತ ನಿಂತವರಿಗೆ ಎರಡು ಮುಖಗಳು ಮಾತ್ರ ಕಾಣುತ್ತವೆ, ಆ ಮುಖಗಳಲ್ಲಿ ಏನೂ ಕಾಣಬಾರದು. ಕೊನೆಗೆ ಇಡೀ ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿದರೆ ವ್ಯಾಪಾರ ಮುಗಿದಂತೆ. ಅದುಮಿದ ಮೇಲೆ ಮಾತು ತಿರುಗಿಸುವಂತಿಲ್ಲ. ಅವ್ವ ಕೈಯಾರೆ ಸಾಕಿದ ಎಮ್ಮೆಯೊಂದು ಹಾಗೆಯೇ ಹೋಯಿತು. ಅವ್ವ ಬೇಡವೆಂದಾಗ ಅಪ್ಪ ಅದುಮಿ ಆಗಿತ್ತು. ಆ ಎಮ್ಮೆಯ ಪ್ರಸ್ತಾಪ ನಮ್ಮ ಮನೆಯಲ್ಲಿ ಇಂದಿಗೂ ಹಬ್ಬಕ್ಕೊಮ್ಮೆ ಬರುತ್ತದೆ.

ಬಸ್ಸಿಗೇನು ಕಷ್ಟ ಎಂದು ಅವ್ವ ಕೇಳಿದಾಗ ಅಪ್ಪ ಕೊಟ್ಟ ಕಾರಣ ನನಗೆ ನ್ಯಾಯವೆನಿಸಿತು. ಬಸ್ಸಿಗೆ ಬಂದವನ ಕೊನೆಯ ಬಸ್ಸು ಯಾವುದೆಂದು ಎದುರಿನವನಿಗೆ ಗೊತ್ತಿರುತ್ತದೆ. ಅವನು ಬೆರಳು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾನೆ, ಬಿಸಿಲು ಇಳಿಯುವವರೆಗೂ. ಬೈಕು ಇರುವವನಿಗೆ ಅವಸರವಿಲ್ಲ. ಅವಸರವಿಲ್ಲದ ಮುಖವೇ ದಲ್ಲಾಳಿಯ ಬಂಡವಾಳ. ಅಂದರೆ ಆ ಚಾವಿ ಇಲ್ಲದೆ ಅಪ್ಪ ಪೇಟೆಯಲ್ಲಿ ನಿಂತಿರಬಹುದು, ವ್ಯಾಪಾರ ಮಾಡುವಂತಿಲ್ಲ.

ತಮ್ಮ ಬ್ಯಾಡಗಿಯದೇ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾನೆ. ಊರೆಲ್ಲ ಬೆವರುವ ಹೊತ್ತಿನಲ್ಲಿ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ಓಡಾಡುವ ಕೆಲಸ. ಮನೆಗೆ ಬಂದು ಮೈ ಬೆಚ್ಚಗಾಗುವವರೆಗೆ ಟಿವಿ ಮುಂದೆ ಕುಳಿತು ಬೈಕ್ ರೇಸಿನ ಆಟ ಆಡುತ್ತಾನೆ. ಆ ಆಟದ ಯಂತ್ರವನ್ನು ರಾಣೆಬೆನ್ನೂರಿನ ಮೊಬೈಲ್ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ.

ಸುಲಭದ ಆಟವಲ್ಲ ಅದು. ಕಾರಿನ ಆಟಗಳಲ್ಲಿ ಗೋಡೆಗೆ ಗುದ್ದಿದರೂ ಮುಂದೆ ಹೋಗಬಹುದು. ಇಲ್ಲಿಯ ಬೈಕು ಸಣ್ಣ ತಪ್ಪನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಎರಡೂ ಕೈಯಲ್ಲಿ ಹಿಡಿಯುವ ಅದರ ರಿಮೋಟಿನಲ್ಲಿ ಮುಂದಿನ ಗಾಲಿಯ ಬ್ರೇಕು ಎಡಗೈ ತೋರುಬೆರಳಿಗೆ, ಎಕ್ಸಲೇಟರು ಬಲಗೈ ತೋರುಬೆರಳಿಗೆ, ಹಿಂದಿನ ಬ್ರೇಕು ಬಲ ಹೆಬ್ಬೆರಳಿಗೆ, ವಾಲಿಸುವುದು ಎಡ ಹೆಬ್ಬೆರಳಿಗೆ. ವಾಲಿದ ಬೈಕಿಗೆ ಮುಂದಿನ ಬ್ರೇಕು ಬಿಗಿಯಾಗಿ ಹಿಡಿದರೆ ಮುಂದಿನ ಗಾಲಿ ಜಾರುತ್ತದೆ. ತಿರುವಿನಿಂದ ಏಳುವಾಗ ಎಕ್ಸಲೇಟರು ಹೆಚ್ಚು ಕೊಟ್ಟರೆ ಹಿಂದಿನ ಗಾಲಿ ಜಾರಿ, ಮತ್ತೆ ನೆಲ ಕಚ್ಚಿ, ಸವಾರನನ್ನು ಕಾಳು ತೂರಿದ ಹಾಗೆ ತೂರುತ್ತದೆ. ಏನೂ ಹಿಡಿಯದಿದ್ದರೆ ಬೈಕು ನೇರವಾಗಿ ರಸ್ತೆ ಬಿಟ್ಟು ಜಲ್ಲಿಗೆ ಹೋಗುತ್ತದೆ. ತಮ್ಮನ ಸವಾರ ದಿನಾ ಈ ಮೂರೂ ಬಗೆಯಲ್ಲಿ ಬೀಳುತ್ತಿದ್ದ. ಅಪ್ಪ ಕಾಟಿನ ಮೇಲೆ ಕುಳಿತು ನೋಡುತ್ತ, ಈ ಆಟದಲ್ಲಿ ಓಡಿಸುವುದಕ್ಕಿಂತ ಬೀಳುವುದೇ ಹೆಚ್ಚು ಎಂದು ತಿಂಗಳುಗಟ್ಟಲೆ ಟೀಕೆ ಮಾಡಿದ್ದ.

ಆ ಎರಡು ವಾರ ಕಳೆದ ಮೇಲಿನ ಭಾನುವಾರ ಚಾವಿಯ ಜಗಳ ಜೋರಾದಾಗ ತಮ್ಮ ಆ ಟೀಕೆಯ ಬಡ್ಡಿ ತೀರಿಸಿದ.

“ಹಂಗಾರ ನೀನ ಹೊಡದು ತೋರಸಪಾ. ಬೀಳಲಾರದ ಮೂರು ಸುತ್ತು ಹೊಡಿ, ಚಾವಿ ತಗೊಂಡು ಹೋಗು.”

ತಮಾಷೆಗೆ ಹೇಳಿದ ಮಾತು. ಆದರೆ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು ಆ ಕೈಯನ್ನು ತಮ್ಮನ ಮುಂದೆ ಚಾಚಿದ. ತಮ್ಮ ನಗುತ್ತಲೇ ಕೈಯನ್ನು ಟವೆಲ್ಲಿನ ಅಡಿಗೆ ಹಾಕಿದ. ಒಂದು ಕ್ಷಣದಲ್ಲಿ ಅವನ ನಗು ನಿಂತಿತು. ಅಪ್ಪ ಅದುಮಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, ಎಮ್ಮೆ ಹೋದದ್ದೂ ಹೀಗೆಯೇ ಎಂದು ಹೇಳಿ ಒಳಗೆ ಹೋದಳು. ಸಾಕ್ಷಿಯಾಗಿ ನನ್ನನ್ನು ನೇಮಿಸಲಾಯಿತು. ಪೇಪರಿನವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ ಎಂಬುದು ಅಪ್ಪನ ನಂಬಿಕೆ. ಆ ನಂಬಿಕೆ ಅವನದೇ ವಿಷಯಕ್ಕೆ ಬಂದಾಗ ಸ್ವಲ್ಪ ಅಲುಗಾಡುತ್ತಿತ್ತು.

ಮೊದಲ ದಿನ ತಮ್ಮ, ಕಲಿಯುವವನಿಗೆ ಅನುಕೂಲವಾಗಲೆಂದು, ಆಟದಲ್ಲಿರುವ ಸಹಾಯಗಳನ್ನೆಲ್ಲ ಚಾಲೂ ಮಾಡಿ ಕೊಟ್ಟ. ಆಗ ತಿರುವು ಬಂದಾಗ ಬೈಕು ತಾನೇ ನಿಧಾನವಾಗುತ್ತದೆ, ಗಾಲಿ ಜಾರದಂತೆ ತಾನೇ ನೋಡಿಕೊಳ್ಳುತ್ತದೆ. ಅಪ್ಪ ಅರ್ಧ ಸುತ್ತು ಹೋಗಿ ಬೈಕು ನಿಲ್ಲಿಸಿದ.

“ಯಾರೋ ಮೂಗುದಾಣ ಹಿಡದು ಎಳ್ಯಾಕತ್ತಾರ. ತಗಿ ಅದನ್ನ.”

ತಮ್ಮ ಎಲ್ಲ ಸಹಾಯ ತೆಗೆದ. ಮೊದಲ ತಿರುವಿನಲ್ಲೇ ಸವಾರ ಒಂದು ಕಡೆ, ಬೈಕು ಒಂದು ಕಡೆ ಹೋದವು. ಟಿವಿಯಲ್ಲಿ ಅದನ್ನು ನಿಧಾನವಾಗಿ ಮತ್ತೊಮ್ಮೆ ತೋರಿಸಿದರು. ಅಪ್ಪ ಅದನ್ನು ಗಮನವಿಟ್ಟು ನೋಡಿ, ಸವಾರ ಇಳಿದಿದ್ದಾನೆ ಎಂದ.

ಅವನ ಮೊದಲ ಕಷ್ಟ ಕಾಲಿನದು. ನಮ್ಮ ಕಡೆ ಬೈಕು ಕಲಿಸುವವರು ಹೇಳಿಕೊಡುವ ಮೊದಲ ಮಾತೇ ಮುಂದಿನ ಬ್ರೇಕು ಮುಟ್ಟಬೇಡ ಎಂಬುದು. ರಸ್ತೆಯ ಮೇಲೆ ಸುಗ್ಗಿಗೆ ತಕ್ಕಂತೆ ಗೋವಿನಜೋಳ, ಜೋಳ, ಶೇಂಗಾ, ಮೆಣಸಿನಕಾಯಿ ಏನಾದರೊಂದು ಹರವಿರುತ್ತದೆ. ಅದರ ಮೇಲೆ ಮುಂದಿನ ಗಾಲಿ ಹಿಡಿದರೆ ಮುಗಿಯಿತು. ಹಾಗಾಗಿ ಎಲ್ಲರೂ ಬಲಗಾಲಿನಿಂದಲೇ ಜೀವನ ಸಾಗಿಸುತ್ತೇವೆ. ಅಪ್ಪ ಟಿವಿಯ ಮುಂದೆ ತಿರುವು ಬಂದ ಕೂಡಲೇ ಬಲಗಾಲಿನಿಂದ ನೆಲ ಒತ್ತುತ್ತಿದ್ದ. ವರ್ಷದ ಖಾರಕ್ಕೆಂದು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಅವ್ವ ಅಲ್ಲೇ ಕುಳಿತಿರುತ್ತಿದ್ದಳು. ಎರಡು ಸಲ ಬುಟ್ಟಿ ಮಗುಚಿತು. ಆ ಘಾಟಿಗೆ ಎಲ್ಲರೂ ಸೀನಿದೆವು. ಆಟದಲ್ಲಿ ಸೀನಿಗೆ ವಿನಾಯಿತಿ ಇಲ್ಲ. ಸೀನುವ ಹೊತ್ತಿಗೆ ಬೈಕು ಜಲ್ಲಿಯಲ್ಲಿರುತ್ತಿತ್ತು. ಅವ್ವ ಬುಟ್ಟಿಯನ್ನು ಅವನ ಎಡಗಡೆಗೆ ಸರಿಸಿಕೊಂಡಳು. ಆಮೇಲೆ ಅವನು ಎಡಕ್ಕೆ ವಾಲುವ ತಿರುವುಗಳಲ್ಲಿ ಮೈಯನ್ನೂ ವಾಲಿಸಿ ಅವಳ ಮೇಲೆ ಬೀಳತೊಡಗಿದ.

ಹಿಂದಿನ ಬ್ರೇಕನ್ನು ಹೆಬ್ಬೆರಳಿನಿಂದ ಒತ್ತಲು ಕಲಿತ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಆ ವೇಗದಲ್ಲಿ ಬರೀ ಹಿಂದಿನ ಬ್ರೇಕಿಗೆ ಬೈಕು ನಿಲ್ಲುವುದೇ ಇಲ್ಲ. ಮುಂದಿನದನ್ನು ಹಿಡಿಯಲೇಬೇಕು. ಜೀವಮಾನವಿಡೀ ಮುಟ್ಟಬಾರದೆಂದು ತಿಳಿದದ್ದನ್ನು ಈಗ ಮುಟ್ಟಬೇಕು. ಅಪ್ಪ ನನ್ನನ್ನು ಕರೆದು, ಮೊದಲು ನೀನು ಕಲಿತು ನನಗೆ ಬಿಡಿಸಿ ಹೇಳು ಎಂದ.

ನಾನು ದಿನಾ ಸ್ಕೂಟರಿನಲ್ಲಿ ಸುದ್ದಿಗೆ ಓಡಾಡುವವಳು. ಆ ಧೈರ್ಯದಿಂದ ಕುಳಿತೆ. ಮೊದಲು ಹಾರ್ನಿನ ಗುಂಡಿ ಯಾವುದೆಂದು ಕೇಳಿದೆ. ಹಾರ್ನ್ ಇಲ್ಲ ಎಂದು ತಮ್ಮ ಹೇಳಿದ. ಹಾರ್ನ್ ಇಲ್ಲದೆ ಅಷ್ಟು ಜನ ಒಂದೇ ರಸ್ತೆಯಲ್ಲಿ ಹೇಗೆ ಹೋಗುತ್ತಾರೆ ಎಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ. ರಸ್ತೆಯ ಎಡಗಡೆ ಬಿಡದೆ ಹೋಗುತ್ತಿದ್ದೆ. ಅದಕ್ಕೆ ತಮ್ಮ ತಲೆ ಚಚ್ಚಿಕೊಂಡ. ತಿರುವಿಗೆ ಮೊದಲು ಹೊರಗಿನ ಅಂಚಿಗೆ ಹೋಗಬೇಕು, ನಡುವೆ ಒಳಗಿನ ಅಂಚಿಗೆ ಬರಬೇಕು, ಆಮೇಲೆ ಮತ್ತೆ ಹೊರಗೆ ಬಿಡಬೇಕು. ಇಡೀ ರಸ್ತೆ ನಿನ್ನದೇ ಎಂದ. ಇಡೀ ರಸ್ತೆ ತಮ್ಮದೇ ಎಂದುಕೊಂಡು ಓಡಿಸುವವರ ಅಪಘಾತದ ಸುದ್ದಿಗಳನ್ನು ಬರೆದೇ ನನ್ನ ಕೈ ಪಳಗಿದೆ. ಅದನ್ನೇ ಮಾಡಲು ನನ್ನ ಹೆಬ್ಬೆರಳು ಒಪ್ಪಲಿಲ್ಲ. ನಾನು ಅಪ್ಪನಿಗಿಂತ ಹೆಚ್ಚು ಸಲ ಬಿದ್ದೆ. ಅದನ್ನು ನೋಡಿ ಅವನಿಗೆ ಹುರುಪು ಬಂತು.

ಆಟದಲ್ಲಿ ಬಿದ್ದ ಮೇಲೆ ಸಮಯವನ್ನು ಹಿಂದಕ್ಕೆ ತಿರುಗಿಸುವ ಗುಂಡಿಯೊಂದಿದೆ. ಒತ್ತಿದರೆ ಬಿದ್ದವನು ಎದ್ದು, ಹಿಮ್ಮುಖವಾಗಿ ತಿರುವಿನ ಆಚೆಗೆ ಹೋಗಿ ನಿಲ್ಲುತ್ತಾನೆ. ತಮ್ಮ ಅದನ್ನು ತೋರಿಸಿದಾಗ ಅಪ್ಪನಿಗೆ ಅಸಹ್ಯವಾಯಿತು. ಅದುಮಿದ ಕೈಯನ್ನು ಬಿಡಿಸಿಕೊಂಡ ಹಾಗೆ ಅದು, ಮತ್ತೊಮ್ಮೆ ತನ್ನ ಮುಂದೆ ಆ ಗುಂಡಿಯ ಸುದ್ದಿ ತೆಗೆಯಬೇಡ ಎಂದ. ಹಾಗೆಂದು ಅಡ್ಡದಾರಿಗಳ ವಿಷಯದಲ್ಲಿ ಅವನಿಗೆ ಮಡಿವಂತಿಕೆ ಇತ್ತೆಂದಲ್ಲ. ಮಾತಾದದ್ದು ಬೀಳದೆ ಮೂರು ಸುತ್ತು ಎಂದು, ಜೋರಾಗಿ ಎಂದು ಯಾರೂ ಹೇಳಿಲ್ಲ ಎಂಬುದನ್ನು ಮುಂದಿನ ಭಾನುವಾರ ಅವನೇ ಕಂಡುಹಿಡಿದ. ಸಾಕ್ಷಿಯಾಗಿ ನಾನು ಒಪ್ಪಬೇಕಾಯಿತು. ಹೇರು ತುಂಬಿದ ಚಕ್ಕಡಿಯ ವೇಗದಲ್ಲಿ ಒಂದು ಸುತ್ತು ಮುಗಿಸಿದ. ನೇರ ದಾರಿಯಲ್ಲಿ ಎಡಗೈಯಿಂದ ಅವಲಕ್ಕಿ ತಿನ್ನುವಷ್ಟು ನಿರಾಳವಾಗಿದ್ದ. ಎರಡನೆಯ ಸುತ್ತಿಗೆ ಉಳಿದ ಸವಾರರೆಲ್ಲ ಹಿಂದಿನಿಂದ ಬಂದರು. ಅವರ ಸದ್ದು ಕೇಳಿ ಅಪ್ಪ, ಮರ್ಯಾದಸ್ಥನಾಗಿ, ಸೈಡು ಕೊಟ್ಟ. ಸೈಡಿನಲ್ಲಿದ್ದದ್ದು ಜಲ್ಲಿ. ನಿಧಾನವಾಗಿ ಬಿದ್ದ, ಆದರೂ ಬಿದ್ದ.

“ಸೈಡ್ ಕೇಳಿದವ್ರಿಗೆ ಕೊಡಬಾರದನೂ?” ಎಂದು ತಮ್ಮನನ್ನು ಕೇಳಿದ. ಅವರು ಕೇಳಿರಲಿಲ್ಲ ಎಂದು ತಮ್ಮ ಹೇಳಿದ.

ಆಟಕ್ಕೆ ಟವೆಲ್ ಬಂದದ್ದು ಅದಾದ ಮೇಲೆ. ಅಪ್ಪನಿಗೆ ಬೆರಳು ನೋಡಿದರೆ ರಸ್ತೆ ತಪ್ಪುತ್ತಿತ್ತು, ರಸ್ತೆ ನೋಡಿದರೆ ಬೆರಳು ತಪ್ಪುತ್ತಿತ್ತು. ಒಂದು ಸಂಜೆ ಸಿಟ್ಟಿನಿಂದ ಎರಡೂ ಕೈಗಳ ಮೇಲೆ ಟವೆಲ್ ಎಳೆದುಕೊಂಡ. ಮುಖ ಒಮ್ಮೆಲೇ ಬದಲಾಯಿತು. ಪೇಟೆಯಲ್ಲಿ ನಿಂತಾಗಿನ ಮುಖ ಅದು, ಏನೂ ತೋರಿಸದ ಮುಖ. ಟವೆಲ್ಲಿನ ಅಡಿಯಲ್ಲಿ ಬೆರಳುಗಳು ತಾವೇ ದಾರಿ ಹಿಡಿದವು. ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ತಮ್ಮ ಆಕ್ಷೇಪ ಎತ್ತಿದ. ಟವೆಲ್ ಬೇಡವೆಂದು ಕರಾರಿನಲ್ಲಿ ಇರಲಿಲ್ಲ, ಹಾಗಾಗಿ ನಾನು ಆಕ್ಷೇಪ ತಳ್ಳಿಹಾಕಿದೆ. ಮೂರನೆಯ ತಿರುವಿನಲ್ಲಿ ಅಪ್ಪ ಬಿದ್ದ.

ಆಮೇಲೆ ಹಲವು ದಿನ ಅವನು ಒಂದೇ ರೀತಿ ಬಿದ್ದ. ನಾನು ಭಾನುವಾರಗಳಲ್ಲದೆ ನಡುವೆ ಸುದ್ದಿಗೆಂದು ಬ್ಯಾಡಗಿಗೆ ಬಂದಾಗಲೂ ಹೋಗಿ ಕುಳಿತು ನೋಡುತ್ತಿದ್ದೆ. ಎಲ್ಲಿ, ಯಾವಾಗ, ಹೇಗೆ ಎಂಬುದು ಟಿವಿಯಲ್ಲಿ ಕಾಣುತ್ತಿತ್ತು. ಯಾಕೆ ಎಂಬುದು ಟವೆಲ್ಲಿನ ಅಡಿಯಲ್ಲಿತ್ತು. ಕೊನೆಗೆ ನಾನು ಟಿವಿ ಬಿಟ್ಟು ಟವೆಲ್ಲನ್ನೇ ನೋಡತೊಡಗಿದೆ. ಅಪ್ಪ ಬ್ರೇಕನ್ನು ನವಿರಾಗಿ ಹಿಡಿಯುತ್ತಿದ್ದ, ಹದವಾಗಿ ಹೆಚ್ಚಿಸುತ್ತಿದ್ದ. ವೇಗ ಸರಿಹೋಯಿತು, ಇನ್ನು ವಾಲಬಹುದು ಎಂದು ಮನಸ್ಸಿಗೆ ಬಂದ ಗಳಿಗೆಯಲ್ಲಿ ಟವೆಲ್ ಒಮ್ಮೆ ಜಗ್ಗುತ್ತಿತ್ತು. ಅದುಮುತ್ತಿದ್ದ. ವ್ಯಾಪಾರ ಮುಗಿಸುತ್ತಿದ್ದ. ಮಾಡಬೇಕಾದದ್ದು ಅದರ ಉಲ್ಟಾ: ಬೈಕು ವಾಲುತ್ತ ಹೋದಂತೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗಬೇಕು.

ಇದನ್ನು ಹೇಳಿದಾಗ ಅಪ್ಪ ಒಪ್ಪಲಿಲ್ಲ. ತಾನು ಅದುಮುವುದೇ ಇಲ್ಲ ಎಂದ. ನಾನು ಟವೆಲ್ ಎತ್ತಿ ತೋರಿಸು ಎಂದೆ. ಟವೆಲ್ ಎತ್ತಿದರೆ ಆಡಲು ಬರುವುದಿಲ್ಲ ಎಂದ. ಇನ್ನೇನು ಮಾತು ಅಲ್ಲಿಗೇ ನಿಲ್ಲುತ್ತಿತ್ತು. ತೊಟ್ಟು ಬಿಡಿಸುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು:

“ಹೋರಿ ಹಗ್ಗ ಹಿಂಗ ಹಿಡದಿದ್ರ ಅದು ನಿಮ್ಮನ್ನ ದೇವರಗುಡ್ಡದ ತನಕ ಎಳಕೊಂಡು ಹೊಕ್ಕಿತ್ತು. ತಿರಗಾಕ ಹತ್ತಿದ ಮ್ಯಾಲೆ ಬಿಡಬೇಕಲ್ಲರಿ.”

ಹೋರಿಯ ವಿಷಯದಲ್ಲಿ ಅಪ್ಪನಿಗೆ ಅವ್ವನ ಜೊತೆ ವಾದ ಮಾಡಲು ಆಗುತ್ತಿರಲಿಲ್ಲ. ಅವನು ಕೊಂಡು ತಂದ ದನಗಳನ್ನೆಲ್ಲ ಮನೆಯಲ್ಲಿ ಹಿಡಿದು ಕಟ್ಟಿದವಳು ಅವಳು. ಮತ್ತೆ ಟವೆಲ್ ಹೊದ್ದುಕೊಂಡು ಕುಳಿತ. ಬಿಡುವುದು ಅವನಿಗೆ ಹಿಡಿಯುವುದಕ್ಕಿಂತ ಕಷ್ಟವಾಯಿತು. ಪೇಟೆಯಲ್ಲಿ ಬೆರಳು ಸಡಿಲಿಸಿದರೆ ಎದುರಿನವನು ಇವನು ಸೋತ ಎಂದು ತಿಳಿಯುತ್ತಾನೆ. ಬೇಗ ಬಿಟ್ಟರೆ ಬೈಕು ತಿರುವು ದಾಟಿ ಆಚೆ ಹೋಗುತ್ತಿತ್ತು. ತಡವಾಗಿ ಬಿಟ್ಟರೆ ಮುಂದಿನ ಗಾಲಿ ಜಾರುತ್ತಿತ್ತು. ಆದರೆ ಈಗ ಬೀಳುವುದು ಬೇರೆ ಬೇರೆ ರೀತಿಯಲ್ಲಿ ಆಗುತ್ತಿತ್ತು, ಅದೇ ಪ್ರಗತಿ ಎಂದು ತಮ್ಮ ಹೇಳಿದ.

ಈ ನಡುವೆ ಭಾಷೆಯಲ್ಲೊಂದು ಬದಲಾವಣೆ ಆಗಿತ್ತು. ಅದನ್ನು ನಾನು ತಡವಾಗಿ ಗಮನಿಸಿದೆ. ಮೊದಮೊದಲು ಟಿವಿಯ ಸವಾರ ಇಳಿಯುತ್ತಿದ್ದ. ಆಮೇಲೆ ಬೈಕು ಅವನನ್ನು ಕೆಡವುತ್ತಿತ್ತು. ಆಮೇಲೆ ಅವನು ಬೀಳತೊಡಗಿದ. ಈಗ ಅಪ್ಪನೇ ಬೀಳುತ್ತಿದ್ದ. ದನದ ಹಲ್ಲು ನೋಡಿ ವಯಸ್ಸು ಹೇಳುವವನ ಗಾಂಭೀರ್ಯದಿಂದ, ಈಗ ಬಿದ್ದದ್ದು ಹಿಂದಿನ ಗಾಲಿಯಿಂದ, ನಿನ್ನೆ ಬಿದ್ದದ್ದು ಮುಂದಿನದರಿಂದ ಎಂದು ತಮ್ಮನೊಡನೆ ಚರ್ಚೆ ಮಾಡುತ್ತಿದ್ದ. ಇಬ್ಬರೂ ಬಿದ್ದ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು. ಚಾವಿ ಹೋದ ಮೇಲೆ ಅವರಿಬ್ಬರೂ ಸರಿಯಾಗಿ ಮಾತಾಡಿದ್ದು ಈ ವಿಷಯವೊಂದನ್ನೇ.

ಹಾಗೆ ಒಂದು ಸಂಜೆ ಅಪ್ಪ ಎರಡನೆಯ ಸುತ್ತಿನ ಕೊನೆಯಲ್ಲಿ ಬಿದ್ದ. ಬೈಕು ವಾಲಿತ್ತು, ಬ್ರೇಕು ಹಿಡಿದಿತ್ತು, ಗಾಲಿ ಮುಂದಕ್ಕೆ ಹೊರಟುಹೋಯಿತು. ದೃಶ್ಯ ನಿಧಾನವಾಗಿ ಮತ್ತೆ ಬಂತು. ಅಪ್ಪ ಟವೆಲ್ಲಿನೊಳಗಿಂದ ಒಂದು ಕೈ ತೆಗೆದು ಟಿವಿ ಕಡೆ ತೋರಿಸಿದ.

“ಹಾಂ, ಹಿಂಗ ನೋಡು. ಅವತ್ತು ಗೋವಿನಜೋಳದ ಮ್ಯಾಲೆ ಬಿದ್ನೆಲ್ಲ, ಥೇಟ್ ಹಿಂಗ.”

ಅವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಅರ್ಧಕ್ಕೇ ನಿಂತಿತು. ತಮ್ಮ ನನ್ನ ಕಡೆ ನೋಡಿದ. ನಾನು ಟಿವಿ ನೋಡಿದೆ. ಟಿವಿಯಲ್ಲಿ ಸವಾರ ಇನ್ನೂ ನಿಧಾನವಾಗಿ ಉರುಳುತ್ತಿದ್ದ. ಅಪ್ಪನಿಗೆ ಮಾತು ಹೊರಬಿದ್ದದ್ದು ತಿಳಿಯಿತೋ ಇಲ್ಲವೋ, ಅವನ ಮುಖ ಪೇಟೆಯದು. ಆದರೆ ಕಥೆಯನ್ನು ಅವನೇ ಮುಂದುವರಿಸಿದ. ಗೋವಿನಜೋಳ ಹರವಿದ ಹೆಂಗಸು ರಸ್ತೆಯ ಅಂಚಿಗೆ ಕುಳಿತಿದ್ದಳಂತೆ. ಅವಳ ಕಡೆ ಹೋಗಬಾರದೆಂದು ಬೈಕು ತಿರುಗಿಸಿದ್ದನಂತೆ. ತಿರುಗಿಸಿ, ಹಿಡಿದು, ಅದುಮಿದ್ದನಂತೆ.

ತಮ್ಮ ಎದ್ದು ಹೋಗಿ ಡಬ್ಬಿಯ ಚೀಲದಿಂದ ಚಾವಿ ತಂದು ಕಾಟಿನ ಮೇಲೆ ಇಟ್ಟ.

“ನೀ ಬಿದ್ದದ್ದಕ್ಕ ಇಟಗೊಂಡಿರಲಿಲ್ಲಪಾ ಇದನ್ನ. ಬಿದ್ದಿಲ್ಲ ಅಂದೆಲ್ಲ, ಅದಕ್ಕ ಹೆದರಿದ್ದೆ. ತಗೋ.”

ಇಲ್ಲಿಗೆ ಮುಗಿಯಬೇಕಿತ್ತು. ಸುದ್ದಿಯಾಗಿದ್ದರೆ ನಾನು ಇಲ್ಲಿಗೇ ಮುಗಿಸುತ್ತಿದ್ದೆ. ಅಪ್ಪ ಚಾವಿಯನ್ನು ನೋಡಿದ, ಮುಟ್ಟಲಿಲ್ಲ. ಟವೆಲ್ ಸರಿಪಡಿಸಿಕೊಂಡು, ಮಾತಾದದ್ದು ಮೂರು ಸುತ್ತು ಎಂದ. ತಮ್ಮ ತಾನು ಕರಾರು ಬಿಟ್ಟುಕೊಟ್ಟಿದ್ದೇನೆ ಎಂದ. ಒಬ್ಬನೇ ಬಿಟ್ಟುಕೊಟ್ಟರೆ ಆಗುವುದಿಲ್ಲ, ಇಬ್ಬರ ಕೈ ಅದು ಎಂದು ಅಪ್ಪ ಹೇಳಿದ. ಅವ್ವ, ಎಮ್ಮೆಯ ವಿಷಯದಲ್ಲಿ ತನಗೂ ಹೀಗೆಯೇ ಹೇಳಿದ್ದರೆಂದು ನನಗೆ ಹೇಳಿದಳು. ನನಗೆ ಅದು ಮೊದಲೇ ಗೊತ್ತಿತ್ತು.

ಚಾವಿ ಟಿವಿಯ ಪಕ್ಕದ ಮೊಳೆಗೆ ಹೋಯಿತು. ಅಪ್ಪ ಕೈ ಚಾಚಿದರೆ ಸಿಗುವ ದೂರ. ಆ ವಾರವೂ ಅವನು ಹಾವೇರಿಗೆ ಬಸ್ಸಿನಲ್ಲಿ ಬಂದ. ನಾನು ಕೆಲಸದ ನಡುವೆ ದನದ ಪೇಟೆಗೆ ಹೋಗಿ ನೋಡಿದೆ. ಒಂದು ಜೋಡಿ ಎತ್ತಿನ ಪಕ್ಕದಲ್ಲಿ ಟವೆಲ್ ಹಾಕಿಕೊಂಡು ನಿಂತಿದ್ದ. ಎದುರಿನವನು ಬೆರಳು ಬಿಡುತ್ತಲೇ ಇರಲಿಲ್ಲ, ಅವನ ಕಣ್ಣು ಮಾತ್ರ ಬಸ್ ನಿಲ್ದಾಣದ ದಿಕ್ಕಿಗೆ ಇತ್ತು. ಅಪ್ಪ ಕೈ ಬಿಡಿಸಿಕೊಂಡು ಬಂದು ಬಸ್ಸು ಹತ್ತಿದ.

ಮರುದಿನ, ಭಾನುವಾರಕ್ಕೆ ಕಾಯದೆ, ಫೋನು ಮಾಡಿ ಕರೆದ. ಸಾಕ್ಷಿ ಇಲ್ಲದೆ ಮಾಡಿದ್ದು ಲೆಕ್ಕಕ್ಕಿಲ್ಲ, ಈ ಹೊತ್ತು ಕೈ ಸರಿಯಾಗಿದೆ, ಲಗೂ ಬಾ ಎಂದ. ನಾನು ಸುದ್ದಿ ಕಳಿಸಿ ಸ್ಕೂಟರು ಹತ್ತಿದೆ. ಹೋದಾಗ ಅವ್ವ ಮೆಣಸಿನಕಾಯಿ ಬುಟ್ಟಿಯನ್ನು ಹಿತ್ತಲಿಗೆ ಒಯ್ದಿದ್ದಳು, ಸೀನು ಬರಬಾರದೆಂದು. ಅದು ಅವಳು ಆ ಆಟಕ್ಕೆ ಕೊಟ್ಟ ಏಕೈಕ ಬೆಂಬಲ.

ಮೊದಲ ಸುತ್ತಿನಲ್ಲಿ ಅಪ್ಪ ಯಾರನ್ನೂ ಹಿಂದೆ ಹಾಕಲಿಲ್ಲ. ಯಾರಿಗೂ ಸೈಡು ಕೊಡಲೂ ಇಲ್ಲ. ಉಳಿದವರು ಮುಂದೆ ಹೋದ ಮೇಲೆ ರಸ್ತೆ ಖಾಲಿಯಾಯಿತು. ನೇರ ದಾರಿ ಮುಗಿಯುವ ಮೊದಲೇ ಬ್ರೇಕು ಹಿಡಿಯುತ್ತಿದ್ದ, ಹೆಚ್ಚಿಸುತ್ತಿದ್ದ, ಬೈಕು ವಾಲುತ್ತ ಹೋದಂತೆ ಟವೆಲ್ ಸಡಿಲವಾಗುತ್ತಿತ್ತು. ಎರಡನೆಯ ಸುತ್ತಿನಲ್ಲಿ ಬಲಗಾಲು ಒಮ್ಮೆ ನೆಲ ಒತ್ತಿತು, ಅಷ್ಟೇ. ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹಿಂದಿನ ಗಾಲಿ ಜಾರಿ ಸವಾರನ ಮೊಣಕೈ ನೆಲಕ್ಕೆ ಉಜ್ಜಿತು. ಅಪ್ಪ ಏನೂ ಅದುಮಲಿಲ್ಲ. ಬೈಕು ಎದ್ದು ನಿಂತಿತು, ಗೆರೆ ದಾಟಿತು. ಎಲ್ಲರಿಗಿಂತ ಕೊನೆಯ ಸ್ಥಾನ ಎಂದು ಟಿವಿ ಘೋಷಿಸಿತು.

ಮೊಣಕೈ ನೆಲಕ್ಕೆ ತಾಗಿದ್ದು ಬಿದ್ದ ಲೆಕ್ಕವೋ ಎಂದು ಅಪ್ಪನೇ ನನ್ನನ್ನು ಕೇಳಿದ. ಈ ಸಲ ಕೇಳಿದ ರೀತಿ ಬೇರೆ ಇತ್ತು. ಬಿದ್ದದ್ದು ಎಂದಿದ್ದರೆ ಮತ್ತೆ ಆಡುತ್ತಿದ್ದ. ಸವಾರ ಬೈಕಿನ ಮೇಲೇ ಇದ್ದ, ಹಾಗಾಗಿ ಬಿದ್ದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮೊಳೆಯಿಂದ ಚಾವಿ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಮೇಡ್ಲೇರಿಯ ಎತ್ತು ನೋಡಲು ಹೊರಟ. ರಾತ್ರಿ ಅಲ್ಲೇ ಉಳಿದಿದ್ದ ನಾನು, ರಾಣೆಬೆನ್ನೂರಿನಲ್ಲಿ ನನಗೂ ಕೆಲಸವಿದೆ ಎಂದು ಹೇಳಿ ಸ್ಕೂಟರಿನಲ್ಲಿ ಹಿಂದೆ ಹೋದೆ. ಕೆಲಸವಿರಲಿಲ್ಲ. ರಾಣೆಬೆನ್ನೂರು ದಾಟಿದ ಮೇಲೂ ನಾನು ಹಿಂದೆ ಬರುತ್ತಿರುವುದನ್ನು ಅವನು ಹೊಸ ಕನ್ನಡಿಯಲ್ಲಿ ನೋಡಿರಬೇಕು.

ಗೋವಿನಜೋಳ ಅದೇ ಜಾಗದಲ್ಲಿತ್ತು. ಅಪ್ಪ ದೂರದಿಂದಲೇ ವೇಗ ಇಳಿಸಿದ, ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡೂ. ರಾಶಿಯ ಅಂಚಿಗೆ ಬಂದು ಪೂರ್ತಿ ನಿಲ್ಲಿಸಿದ. ಕೆಳಗಿಳಿದು ಬೈಕನ್ನು ತಳ್ಳಿಕೊಂಡು ಖಾಲಿ ಅರ್ಧದಲ್ಲಿ ನಡೆದ. ಕಾಲಿನಿಂದ ಕಾಳು ಹರವುತ್ತಿದ್ದ ಹೆಂಗಸು ಅವನನ್ನೇ ನೋಡುತ್ತಿದ್ದಳು.

“ಅವತ್ತು ಇಲ್ಲಿ ಇಳದಾವ್ರು ನೀವ ಅಲ್ಲರಿ?” ಎಂದು ಕೇಳಿದಳು. ಇಳಿದದ್ದೆಂದು ಅವನು ಆಗ ಅವಳಿಗೂ ಹೇಳಿ ಹೋಗಿದ್ದ ಎಂದು ಕಾಣುತ್ತದೆ.

“ಬಿದ್ದಾವ ನಾನ ಬೇ,” ಎಂದ ಅಪ್ಪ. ಆಮೇಲೆ ಅವಳ ಮನೆಯ ಮುಂದೆ ಕಟ್ಟಿದ್ದ ಎಮ್ಮೆಯ ಕಡೆ ತಿರುಗಿ, ಅದು ಎಷ್ಟನೇ ಸೂಲು ಎಂದು ಕೇಳಿದ.

ಅವಳ ಗಂಡ ಒಳಗಿನಿಂದ ಬಂದ. ಎಮ್ಮೆಯನ್ನು ಕೊಡುವ ವಿಚಾರ ಅವನಿಗೆ ಮೊದಲೇ ಇತ್ತಂತೆ. ಅಪ್ಪ ಬೈಕಿಗೆ ಸ್ಟ್ಯಾಂಡ್ ಹಾಕಿ, ಚಾವಿ ಜೇಬಿಗೆ ಇಳಿಸಿ, ಎಮ್ಮೆಯ ಸುತ್ತ ಒಮ್ಮೆ ನಡೆದು, ಟವೆಲ್ ತೆಗೆದ. ಇಬ್ಬರೂ ಬೇವಿನ ಗಿಡದ ನೆರಳಿಗೆ ನಿಂತರು. ಬಿಸಿಲು ಏರುತ್ತಿತ್ತು, ಅಪ್ಪನಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಹೆಂಗಸು ನನಗೆ ಕುಡಿಯಲು ನೀರು ಕೊಟ್ಟಳು, ಮತ್ತೆ ಕಾಳು ಹರವಲು ಹೋದಳು.

ಒಳಗೆ ಏನು ಮಾತಾಯಿತು ಎಂಬುದನ್ನು ನಾನು ವರದಿ ಮಾಡಲಾರೆ. ಟವೆಲ್ಲಿನ ಅಡಿಯದು ನನಗೆ ಕಾಣುವುದಿಲ್ಲ. ಎರಡು ಮುಖಗಳಲ್ಲೂ ಏನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಟವೆಲ್ ಒಮ್ಮೆ ಗಟ್ಟಿಯಾಗಿ ಜಗ್ಗಿದ್ದು ಮಾತ್ರ ಕಂಡಿತು. ಅಪ್ಪ ಅದುಮಿದ್ದ. ಅಲ್ಲಿ ಅದುಮಬಹುದು.